ಅರಿವುಳ್ಳ ಹಾಸಿಗೆಯೂ ವಿದ್ಯುತ್ತಿನ ಕಾಟವೂ

ನಿದ್ದೆಹೋದ ಮಗುವಿನ ಬಳಿ ರಾತ್ರಿ ಸ್ವಲ್ಪ ಹೊತ್ತು ಕುಳಿತಿದ್ದವರು ಒಂದು ಸಂಗತಿಯನ್ನು ಗಮನಿಸದೆ ಇರಲಾರರು. ಮಗುವು ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿರುವುದಿಲ್ಲ. ಒಮ್ಮೆ ಎಡಕ್ಕೆ ಹೊರಳುವುದು, ಒಮ್ಮೆ ಬಲಕ್ಕೆ ಹೊರಳುವುದು, ಮತ್ತೊಮ್ಮೆ ಕಾಲನ್ನು ಮಡಿಸಿಕೊಳ್ಳುವುದು. ದೊಡ್ಡವರಾದ ನಾವೂ ಹಾಗೆಯೇ ಮಾಡುವೆವು; ಬೆಳಗ್ಗೆ ಎದ್ದಾಗ ಅದರ ನೆನಪಿರುವುದಿಲ್ಲ, ಅಷ್ಟೆ. ಮನಸ್ಸು ಮಲಗಿದ್ದರೂ ದೇಹವು ತನ್ನ ಭಾರವನ್ನು ತಾನೇ ಒಂದು ಕಡೆಯಿಂದ ಮತ್ತೊಂದು ಕಡೆಗೆ ಬದಲಾಯಿಸಿಕೊಳ್ಳುತ್ತಿರುತ್ತದೆ. ಇದು ಪ್ರಕೃತಿಯು ನಮಗೆ ಇಟ್ಟಿರುವ ಕಾವಲು.

ಈ ಕಾವಲು ಪೂರ್ತಿಯಾಗಿ ನಿಂತುಹೋಗುವ ಸಂದರ್ಭವೊಂದುಂಟು. ಶಸ್ತ್ರಚಿಕಿತ್ಸೆಗಾಗಿ ಅರಿವಳಿಕೆಯ ಮದ್ದು ಪಡೆದ ರೋಗಿಯು ನೋವನ್ನು ಹೇಗೆ ಅರಿಯನೋ ಹಾಗೆಯೇ ತನ್ನ ಮೈಯ ಭಾರವನ್ನೂ ಅರಿಯನು. ಕಿರಿದಾದ ಮೇಜಿನ ಮೇಲೆ ನಾಲ್ಕು ಗಂಟೆಯೋ ಆರು ಗಂಟೆಯೋ ಅವನು ಇಟ್ಟಂತೆ ಇರುತ್ತಾನೆ. ಆಗ ತಲೆಯ ಹಿಂಭಾಗ, ಬೆನ್ನಿನ ಕೆಳಗಿನ ಎಲುಬು, ಹಿಮ್ಮಡಿ, ಇಂತಹ ಕಡೆಗಳಲ್ಲಿ ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಮಾಂಸವು ಒಂದೇ ಸಮನೆ ಅದುಮಿಸಿಕೊಳ್ಳುವುದು. ನಮ್ಮ ಚರ್ಮದ ಲೋಮನಾಳಗಳಲ್ಲಿ ರಕ್ತದ ಒತ್ತಡವು ಬಹಳ ಸ್ವಲ್ಪ. 1930ರಲ್ಲಿ ಯೂಜೀನ್ ಲ್ಯಾಂಡಿಸ್ ಎಂಬ ವಿಜ್ಞಾನಿಯು ಬೆರಳಿನ ಉಗುರಿನ ಬುಡದಲ್ಲಿರುವ ಲೋಮನಾಳಗಳೊಳಗೆ ಅತಿ ಸೂಕ್ಷ್ಮವಾದ ಕೊಳವೆಯನ್ನು ಹೊಗಿಸಿ ಅಳೆದಾಗ, ರಕ್ತವು ಒಳಬರುವ ತುದಿಯಲ್ಲಿ ಅದು ಸರಾಸರಿ 32 ಮಿಲಿಮೀಟರ್ ಪಾದರಸದಷ್ಟಿದ್ದಿತು. ಹೊರಗಿನ ಅದುಮುವಿಕೆ ಇದನ್ನು ಮೀರಿ ಬಹಳ ಹೊತ್ತು ನಿಂತರೆ, ರಕ್ತವು ಹರಿಯದೆ ಮಾಂಸವು ಹಸಿದು ಸಾಯಲಾರಂಭಿಸಬಹುದು. ಒತ್ತಡ ಎಷ್ಟೆಂಬುದು ಮಾತ್ರವಲ್ಲ, ಅದು ಎಷ್ಟು ಹೊತ್ತು ಇತ್ತೆಂಬುದೂ ಮುಖ್ಯ. ಹೆಚ್ಚಿನ ಒತ್ತಡವು ಅಲ್ಪಕಾಲದಲ್ಲಿಯೂ, ಕಡಿಮೆ ಒತ್ತಡವು ದೀರ್ಘಕಾಲದಲ್ಲಿಯೂ ಅದೇ ಕೇಡನ್ನು ಮಾಡುವುದೆಂದು 1959ರಲ್ಲಿ ಮೈಕೇಲ್ ಕೋಸಿಯಾಕ್ ಪ್ರಾಣಿಗಳ ಮೇಲಣ ಪ್ರಯೋಗಗಳಿಂದ ತೋರಿಸಿದನು.

ಈ ಗಾಯದ ಒಂದು ಕಪಟವನ್ನು ಇಲ್ಲಿ ಹೇಳಬೇಕು. ಅದು ಒಳಗೆ, ಎಲುಬಿನ ಹತ್ತಿರ ಹುಟ್ಟಿ, ಎರಡು ಮೂರು ದಿನಗಳ ಮೇಲೆ ಹೊರಗೆ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ರೋಗಿಯು ಮೇಜಿನಿಂದ ಇಳಿದು ವಾರ್ಡಿಗೆ ಬಂದಿರುತ್ತಾನೆ. ಹೊಟ್ಟೆಯ ಮೇಲಿನ ಹೊಲಿಗೆ ಮಾಗುತ್ತಿದ್ದರೂ ಬೆನ್ನಿನ ಕೆಳಗೆ ನೇರಳೆಬಣ್ಣದ ಕಲೆಯೊಂದು ಏಳುತ್ತದೆ. ಇದಕ್ಕೆ ಕಾರಣವು ಮೂರು ದಿನಗಳ ಹಿಂದಿನ ಆ ಮೇಜೆಂದು ಒಡನೆಯೇ ಯಾರಿಗೆ ಹೊಳೆಯಬೇಕು?

ಈ ಕೇಡನ್ನು ಮುಂಚಿತವಾಗಿಯೇ ತಿಳಿಸುವುದಕ್ಕಾಗಿ ಒತ್ತಡವನ್ನರಿಯುವ ಹಾಸಿಗೆಗಳನ್ನು ನಿರ್ಮಿಸಿದ್ದಾರೆ. ಅವುಗಳ ರಚನೆಯನ್ನು ತಿಳಿಯುವುದು ಕಷ್ಟವಲ್ಲ. ನಮ್ಮ ಮನೆಯ ಫ್ಯಾನಿನಲ್ಲಿ ಕಂಡೆನ್ಸರ್ ಎಂಬ ಪುಟ್ಟ ಡಬ್ಬಿಯಿರುವುದನ್ನು ವಾಚಕರು ಕಂಡಿರಬಹುದು. ಎದುರುಬದುರಾಗಿರುವ ಎರಡು ಲೋಹದ ಹಾಳೆಗಳ ನಡುವೆ ವಿದ್ಯುತ್ತು ಹರಿಯದ ಒಂದು ಪದರವಿದ್ದರೆ ಅದೇ ಕಂಡೆನ್ಸರು. ಆ ಹಾಳೆಗಳು ಹತ್ತಿರ ಬಂದಷ್ಟೂ ಅದರ ಧಾರಣಶಕ್ತಿ ಹೆಚ್ಚುತ್ತದೆ. ನಡುವಣ ಪದರವನ್ನು ಮೆತ್ತನೆಯ ರಬ್ಬರಿನಂತಹ ವಸ್ತುವಿನಿಂದ ಮಾಡಿದರೆ, ಮೇಲಿನಿಂದ ಅದುಮಿದಾಗ ಹಾಳೆಗಳು ಸಮೀಪಿಸುತ್ತವೆ. ಆ ಹೆಚ್ಚಳವನ್ನು ಅಳೆದು ಒತ್ತಡವನ್ನು ಗೊತ್ತುಮಾಡಬಹುದು. ಹಾಸಿಗೆಯಲ್ಲಿ ಉದ್ದಕ್ಕೆ 32 ಪಟ್ಟಿಗಳನ್ನೂ ಅಡ್ಡಕ್ಕೆ 32 ಪಟ್ಟಿಗಳನ್ನೂ ಹಾಯಿಸಿದರೆ, ಅವು ಒಂದನ್ನೊಂದು ದಾಟುವ 1024 ಸ್ಥಳಗಳಲ್ಲಿ ಒಂದೊಂದು ಕಂಡೆನ್ಸರು ತಾನಾಗಿ ಏರ್ಪಡುವುದು. ಯಂತ್ರವು ಇವನ್ನು ಒಂದಾದಮೇಲೊಂದರಂತೆ ಅಳೆದು, ರೋಗಿಯ ದೇಹವು ಎಲ್ಲೆಲ್ಲಿ ಎಷ್ಟೆಷ್ಟು ಒತ್ತಿದೆಯೆಂಬುದನ್ನು ಬಣ್ಣದ ನಕ್ಷೆಯಾಗಿ ತೆರೆಯ ಮೇಲೆ ತೋರಿಸುತ್ತದೆ. ಹಿಮ್ಮಡಿಯ ಕೆಳಗೆ ಕೆಂಪು ಬಣ್ಣವೆದ್ದಿತೆಂದರೆ, ದಾದಿಯು ಕಾಲನ್ನು ಸ್ವಲ್ಪ ಎತ್ತಿ ಕೆಳಗೊಂದು ಮೆತ್ತೆಯನ್ನು ಸರಿಸಬಹುದು.

ಎಲ್ಲವೂ ಸರಿಯೇ. ಆದರೆ ಈ ಅಳತೆ ಬಹಳ ನವುರಾದುದು. ಇಲ್ಲಿ ಅಳೆಯಬೇಕಾದ ಬದಲಾವಣೆಯು ಸಾಮಾನ್ಯವಾಗಿ ಒಂದು ಫ್ಯಾರಡಿನ ಲಕ್ಷ ಕೋಟಿ ಪಾಲುಗಳಲ್ಲಿ ಕೆಲವು ಪಾಲುಗಳಷ್ಟು ಮಾತ್ರ. ಇಂತಹ ಪಿಸುಮಾತನ್ನು ಕೇಳಬೇಕಾದ ಯಂತ್ರವನ್ನು ನಾವು ಇಟ್ಟಿರುವುದಾದರೂ ಎಲ್ಲಿ? ಸಂತೆಯ ಗದ್ದಲದ ನಡುವೆ.

ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ದೀಪಗಳು, ಪಂಪುಗಳು, ಮೇಜನ್ನು ಏರಿಸಿ ಇಳಿಸುವ ಮೋಟಾರು ಎಲ್ಲವೂ ವಿದ್ಯುತ್ತಿನಿಂದ ನಡೆಯುವಂಥವು. ಇವೆಲ್ಲಕ್ಕಿಂತ ದೊಡ್ಡ ಗದ್ದಲಗಾರನೆಂದರೆ ವಿದ್ಯುತ್ತಿನ ಕತ್ತಿ. ಅದರ ಕಥೆ ಸ್ವಾರಸ್ಯವಾದುದು. 1926ರ ಅಕ್ಟೋಬರ್ 1ರಂದು ಅಮೆರಿಕೆಯ ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಂ ಆಸ್ಪತ್ರೆಯಲ್ಲಿ, ಹಾರ್ವೀ ಕುಷಿಂಗ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನು ಒಬ್ಬ ರೋಗಿಯ ತಲೆಬುರುಡೆಯ ಗೆಡ್ಡೆಯನ್ನು ತೆಗೆಯಲು ಕೈಹಾಕಿದನು. ಕೆಲವು ದಿನಗಳ ಹಿಂದೆ ರಕ್ತಸ್ರಾವಕ್ಕೆ ಅಂಜಿ ಅದೇ ಕೆಲಸವನ್ನು ಅವನು ನಡುವೆಯೇ ನಿಲ್ಲಿಸಬೇಕಾಗಿದ್ದಿತು. ಈ ಸಲ ವಿಲಿಯಂ ಬೋವಿ ಎಂಬ ವಿಜ್ಞಾನಿಯು ತಾನು ರಚಿಸಿದ ವಿದ್ಯುದ್ಯಂತ್ರದೊಡನೆ ಪಕ್ಕದಲ್ಲಿ ನಿಂತಿದ್ದನು. ಆ ಯಂತ್ರದ ವಿದ್ಯುತ್ತು ಮಾಂಸವನ್ನು ಕತ್ತರಿಸುವುದರ ಜೊತೆಗೆ ರಕ್ತನಾಳಗಳನ್ನು ಮುಚ್ಚಿ ಸ್ರಾವವನ್ನು ತಡೆಯಿತು, ಗೆಡ್ಡೆಯು ಹೊರಬಂದಿತು. ಅಂದಿನಿಂದ ಈ ಉಪಕರಣವು ಲೋಕದ ಆಸ್ಪತ್ರೆಗಳಲ್ಲೆಲ್ಲ ನೆಲಸಿದೆ. ಇದರಿಂದ ಉಳಿದ ಪ್ರಾಣಗಳಿಗೆ ಲೆಕ್ಕವಿಲ್ಲ.

ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಷ್ಟು ತುಯ್ಯುತ್ತದೆ. ಈ ಕತ್ತಿಯ ವಿದ್ಯುತ್ತು ಸೆಕೆಂಡಿಗೆ ಮೂರು ಲಕ್ಷ ಆವರ್ತಗಳಿಗೂ ಮೇಲ್ಪಟ್ಟು ತುಯ್ಯುವುದು. ಅಷ್ಟು ವೇಗದ ತುಯ್ತಕ್ಕೆ ನರಗಳೂ ಸ್ನಾಯುಗಳೂ ಓಗೊಡುವುದಿಲ್ಲವಾದುದರಿಂದಲೇ ರೋಗಿಗೆ ಆಘಾತವಾಗುವುದಿಲ್ಲ. ಆದರೆ ಇದು ರೇಡಿಯೋದ ಅಲೆಗಳ ನೆರೆಹೊರೆಯದೇ ಆಗಿದೆ. ವೋಲ್ಟು ಕೆಲವು ಸಾವಿರಗಳವರೆಗೆ ಏರಬಹುದು; ತುದಿಯಲ್ಲಿ ಕಿಡಿಯೂ ಹಾರುವುದುಂಟು. ಮಧ್ಯಮ ತರಂಗದ ರೇಡಿಯೋವನ್ನು ಕೇಳುತ್ತಿರುವಾಗ ಅಡಿಗೆಮನೆಯಲ್ಲಿ ಮಿಕ್ಸಿಯನ್ನು ತಿರುಗಿಸಿದರೆ ಸಂಗೀತವೆಲ್ಲ ಕರಕರ ಶಬ್ದದಲ್ಲಿ ಮುಳುಗಿಹೋಗುವುದಷ್ಟೆ? ಇಲ್ಲಿ ನಡೆಯುವುದೂ ಅದೇ. ರೋಗಿಯ ದೇಹವೇ ಆ ಅಲೆಗಳನ್ನು ಹೊತ್ತು ತಂದು, ತನ್ನ ಕೆಳಗಿನ ಹಾಸಿಗೆಯ ಪಟ್ಟಿಗಳಿಗೆ ಮುಟ್ಟಿಸುತ್ತದೆ.

ಇದರಿಂದ ಎರಡು ಬಗೆಯ ತಪ್ಪುಗಳುಂಟಾಗುವುವು. ಒತ್ತಡವಿಲ್ಲದ ಕಡೆ ಯಂತ್ರವು ಅಪಾಯವೆಂದು ಕೂಗುವುದು ಒಂದು. ಹತ್ತು ಸಲ ಸುಳ್ಳಾಗಿ ಕೂಗಿದ ಗಂಟೆಯನ್ನು ಹನ್ನೊಂದನೆಯ ಸಲ ಯಾರೂ ಲಕ್ಷಿಸುವುದಿಲ್ಲ. ಇನ್ನೊಂದು ತಪ್ಪು ಇದಕ್ಕಿಂತ ಘೋರವಾದುದು: ಹಿಮ್ಮಡಿಯು ನಿಜವಾಗಿಯೂ ನಲುಗುತ್ತಿರುವಾಗ ತೆರೆಯು ತಣ್ಣನೆಯ ನೀಲಿಬಣ್ಣವನ್ನು ತೋರಿಸುವುದು. ಯಂತ್ರವೇ ಇಲ್ಲದಿದ್ದಲ್ಲಿ ದಾದಿಯು ಸಂದೇಹಪಟ್ಟು ಕೈಯಿಟ್ಟು ನೋಡುತ್ತಿದ್ದಳು. ಸುಳ್ಳುಹೇಳುವ ಯಂತ್ರವು ಆ ಸಂದೇಹವನ್ನೂ ಕಳೆದುಬಿಡುತ್ತದೆ. ಕಾವಲಿಲ್ಲದ ಮನೆಗಿಂತ ನಿದ್ದೆಹೋದ ಕಾವಲುಗಾರನಿರುವ ಮನೆಗೇ ಭಯ ಹೆಚ್ಚು.

ಇದಕ್ಕೆ ಪರಿಹಾರದ ಬೀಜವನ್ನು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ 1836ರಲ್ಲಿಯೇ ಬಿತ್ತಿದ್ದನು. ಕಮ್ಮಾರನ ಮಗನಾಗಿ ಹುಟ್ಟಿದ ಈ ಮಹನೀಯನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 12 ಅಡಿ ಉದ್ದಗಲ ಎತ್ತರಗಳ ಒಂದು ಮರದ ಪಂಜರವನ್ನು ಕಟ್ಟಿಸಿ, ಅದಕ್ಕೆ ತಾಮ್ರದ ತಂತಿಯನ್ನೂ ತವರದ ತಗಡನ್ನೂ ಹೊದಿಸಿದನು. ಹೊರಗಿನಿಂದ ಅದಕ್ಕೆ ಬಲವಾದ ವಿದ್ಯುತ್ತನ್ನು ತುಂಬಿದಾಗ ಹೊರಮೈಯಿಂದ ಕಿಡಿಗಳು ಹಾರುತ್ತಿದ್ದುವು. ಫ್ಯಾರಡೆಯಾದರೋ ಉರಿಯುವ ಮೇಣದ ಬತ್ತಿಗಳನ್ನೂ ಸೂಕ್ಷ್ಮವಾದ ವಿದ್ಯುನ್ಮಾಪಕಗಳನ್ನೂ ತೆಗೆದುಕೊಂಡು ಒಳಗೆ ಹೋಗಿ ಕುಳಿತನು. ಒಳಗೆ ವಿದ್ಯುತ್ತಿನ ಸುಳಿವೇ ಇರಲಿಲ್ಲ! ಮೇಲೆ ಹೇಳಿದ ಫ್ಯಾರಡ್ ಎಂಬ ಮಾನಕ್ಕೆ ಇವನ ಹೆಸರನ್ನೇ ಇಟ್ಟಿರುವುದು.

ಹಾಸಿಗೆಗೂ ಇಂತಹ ಪಂಜರವೇ ಬೇಕು. ಆದರೆ ತಗಡಿನ ಮೇಲೆ ರೋಗಿಯನ್ನು ಮಲಗಿಸಲಾಗುವುದೇ? ಅದಕ್ಕಾಗಿ ನೈಲಾನಿನ ಎಳೆಗಳಿಗೆ ಬೆಳ್ಳಿಯನ್ನೋ ತಾಮ್ರವನ್ನೋ ಲೇಪಿಸಿ ನೇಯ್ದ ಬಟ್ಟೆಯನ್ನು ಪಟ್ಟಿಗಳ ಮೇಲೂ ಕೆಳಗೂ ಹೊದಿಸುತ್ತಾರೆ. ಆ ಬಟ್ಟೆ ತೆಳುವಾಗಿಯೂ ಹಿಗ್ಗುವಂತೆಯೂ ಇರತಕ್ಕದ್ದು. ಬಿಗಿದ ಬಟ್ಟೆಯಾದರೆ ತೊಟ್ಟಿಲ ಜೋಲಿಯಂತೆ ಭಾರವನ್ನು ತಾನೇ ಹೊತ್ತು, ಅಳತೆಯನ್ನೂ ಕೆಡಿಸಿ ರೋಗಿಯ ಮೈಯನ್ನೂ ನೋಯಿಸುವುದು. ಮೇಜಿನ ಮೇಲೆಯೇ ಎಕ್ಸ್‌ಕಿರಣದ ಚಿತ್ರವನ್ನು ತೆಗೆಯಬೇಕಾಗಿ ಬರಬಹುದಾದುದರಿಂದ ಲೋಹದ ಲೇಪವು ಆ ಕಿರಣಗಳಿಗೂ ಅಡ್ಡಬರಬಾರದು.

ಕವಚವನ್ನು ಹೊದಿಸಿದಮಾತ್ರಕ್ಕೆ ಕೆಲಸ ತೀರಲಿಲ್ಲ. ಅದು ಹಿಡಿದ ವಿದ್ಯುತ್ತಿಗೆ ಹೋಗಲು ದಾರಿ ಬೇಕು. ಆದುದರಿಂದ ಯಂತ್ರದ ಕಡೆಯಲ್ಲಿ, ಗೊತ್ತಾದ ಒಂದು ಸ್ಥಳದಲ್ಲಿ ಅದನ್ನು ಜೋಡಿಸುತ್ತಾರೆ. ಅಲ್ಲಲ್ಲಿ ಜೋಡಿಸಿದರೆ ಕವಚದಲ್ಲಿಯೇ ಸುತ್ತುವ ವಿದ್ಯುತ್ತು ಹುಟ್ಟಿ ಹೊಸ ಕಾಟವಾಗುವುದು. ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆಯೂ ಉಂಟು. ಕತ್ತಿಯ ತುದಿಯಿಂದ ದೇಹವನ್ನು ಹೊಕ್ಕ ವಿದ್ಯುತ್ತು, ತೊಡೆಯ ಮೇಲೋ ಬೇರೆಡೆಯೋ ಅಂಟಿಸಿದ ಅಗಲವಾದ ಪಟ್ಟಿಯ ಮೂಲಕ ಹಿಂದಿರುಗಬೇಕು; ಅಗಲವಾಗಿರುವುದರಿಂದಲೇ ಅಲ್ಲಿ ಸುಡುವುದಿಲ್ಲ. ಹಾಸಿಗೆಯ ಕವಚವು ಎಲ್ಲಿಯಾದರೂ ಹರಿದು ಒದ್ದೆಯಾಗಿ ರೋಗಿಯ ಚರ್ಮವನ್ನು ಚಿಕ್ಕ ಜಾಗದಲ್ಲಿ ಮುಟ್ಟಿದರೆ, ವಿದ್ಯುತ್ತು ಆ ಕಳ್ಳದಾರಿಯನ್ನು ಹಿಡಿದು ಅಲ್ಲಿ ಬೊಬ್ಬೆ ಬರಿಸಬಹುದು. ಹುಣ್ಣನ್ನು ತಡೆಯಲು ಬಂದದ್ದು ಸುಟ್ಟಗಾಯವನ್ನು ಕೊಡಬಾರದಷ್ಟೆ. ಆದಕಾರಣ ಕವಚಕ್ಕೂ ಚರ್ಮಕ್ಕೂ ನಡುವೆ ನೀರೂ ವಿದ್ಯುತ್ತೂ ಹಾಯದ ಹೊದಿಕೆ ಅತ್ಯಾವಶ್ಯಕ. ಪ್ರತಿಯೊಂದು ಉಪಯೋಗಕ್ಕೂ ಮೊದಲು ಆ ಹೊದಿಕೆಯಲ್ಲಿ ತೂತು ಬಿರುಕುಗಳಿವೆಯೋ ಎಂದು ನೋಡತಕ್ಕದ್ದು.

ಇನ್ನು ಕೆಲವು ಸಣ್ಣ ಉಪಾಯಗಳುಂಟು. ಹೋಗುವ ತಂತಿಯನ್ನೂ ಬರುವ ತಂತಿಯನ್ನೂ ಜಡೆಯಂತೆ ಹೊಸೆದರೆ ಹೊರಗಿನ ಕಾಟವು ಎರಡರಲ್ಲಿಯೂ ಸಮನಾಗಿ ಬಿದ್ದು ಬಹುಮಟ್ಟಿಗೆ ವಜಾ ಆಗುವುದು. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲಿಯೇ ಈ ಹೊಸೆದ ತಂತಿಗೆ ಪೇಟೆಂಟು ಪಡೆದಿದ್ದನು. ಇದಲ್ಲದೆ, ದೇಹದ ಒತ್ತಡವು ನಿಧಾನವಾಗಿ ಬದಲಾಗುವಂತಹದು. ಕತ್ತಿಯನ್ನಾದರೋ ವೈದ್ಯನು ಒಂದೊಂದು ಸಲಕ್ಕೆ ಕೆಲವೇ ಸೆಕೆಂಡುಗಳು ಒತ್ತುವನು. ಆದಕಾರಣ ಕತ್ತಿಯು ಉರಿಯುತ್ತಿರುವಾಗ ಬಂದ ಅಂಕಿಗಳನ್ನು ಬಿಟ್ಟು, ಅದು ಸುಮ್ಮನಾದಾಗ ಬಂದವನ್ನು ಮಾತ್ರ ಎಣಿಸುವಂತೆ ಯಂತ್ರಕ್ಕೆ ಕಲಿಸಬಹುದು. ಆ ಹೊತ್ತಿನಲ್ಲಿ “ಈಗ ನನಗೆ ತಿಳಿಯುತ್ತಿಲ್ಲ” ಎಂದು ತೆರೆಯ ಮೇಲೆ ತೋರಿಸುವ ಯಂತ್ರವೇ ಪ್ರಾಮಾಣಿಕವಾದ ಯಂತ್ರ. ವೈದ್ಯಕೀಯ ವಿದ್ಯುದ್ಯಂತ್ರಗಳು ಇಂತಹ ಕಾಟವನ್ನು ಎಷ್ಟು ತಾಳಬೇಕೆಂಬುದಕ್ಕೆ 1993ರಿಂದ ಅಂತರರಾಷ್ಟ್ರೀಯವಾದ ಪ್ರತ್ಯೇಕ ನಿಯಮವೂ ಇದೆ.

ಇಷ್ಟೆಲ್ಲ ಆದರೂ ಹಾಸಿಗೆಯು ತಿಳಿಸಬಲ್ಲುದೇ ಹೊರತು ರೋಗಿಯ ಕಾಲನ್ನು ಎತ್ತಲಾರದು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಮುರಿದ ಸೈನಿಕರ ಭಾರವನ್ನು ಹೊತ್ತ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯನಿಗೆ ಇಂತಹ ಯಂತ್ರವೊಂದೂ ಇರಲಿಲ್ಲ. ಹಗಲೂ ರಾತ್ರಿಯೂ ಎರಡೆರಡು ಗಂಟೆಗೊಮ್ಮೆ ರೋಗಿಗಳನ್ನು ಮಗ್ಗುಲು ಬದಲಾಯಿಸಿ ಮಲಗಿಸುವ ಕಟ್ಟಳೆಯನ್ನು ಅವನು ನಡೆಸಿದನು. ಹುಣ್ಣಿನಿಂದ ಸಾಯುತ್ತಿದ್ದ ಅನೇಕರು ಬದುಕಿದರು.

ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿರುವವರು ಇದನ್ನು ನೆನಪಿನಲ್ಲಿಡಬೇಕು. ಸ್ನಾನ ಮಾಡಿಸುವಾಗ ಬೆನ್ನಿನ ಕೆಳಭಾಗ, ಸೊಂಟದ ಎರಡು ಮಗ್ಗುಲು, ಹಿಮ್ಮಡಿಗಳನ್ನು ದಿನವೂ ನೋಡಿರಿ. ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಟ್ಟಾಗಲೂ ಕೆಂಪು ಮಾಸದಿದ್ದರೆ ಅದು ಮೊದಲನೆಯ ಎಚ್ಚರಿಕೆ. ನಮ್ಮವರ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದೆ ಹೋಗಬಹುದು. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿಯೋ ಗಟ್ಟಿಯಾಗಿಯೋ ಇದೆಯೇ ಎಂದು ಅಂಗೈಯಿಟ್ಟು ತಿಳಿಯಬೇಕು. ಅಂತಹ ಜಾಗವನ್ನು ತಿಕ್ಕಬಾರದು. ಭಾರ ತಪ್ಪಿಸಿ ವೈದ್ಯರಿಗೆ ತೋರಿಸಬೇಕು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದವರಲ್ಲಿಯೂ ಮೊದಲ ಕೆಲವು ದಿನ ಹೊಲಿಗೆಯನ್ನು ಮಾತ್ರವಲ್ಲ, ಬೆನ್ನನ್ನೂ ನೋಡತಕ್ಕದ್ದು. ತಾನಾಗಿ ಹೊರಳಲಾರದವರಿಗೆ ಬೇರೊಬ್ಬರ ಕೈಯೇ ಪ್ರಕೃತಿಯ ಕಾವಲಾಗಬೇಕು.