ಫ್ರೀ ಥ್ರೋ ಗೆರೆಯಲ್ಲಿ ನಿಂತಾಗ ಕಾಡುವ ನಾಚಿಕೆ

ಮುಂಬಯಿಯಲ್ಲಿ ಬಾಸ್ಕೆಟ್‌ಬಾಲ್ ಎಂದೊಡನೆ ನೆನಪಾಗುವುದು ನಾಗಪಾಡಾದ ಮಸ್ತಾನ್ ತಲಾವ್ ಮೈದಾನ. ಕ್ರಿಕೆಟ್ಟೇ ಸರ್ವಸ್ವವಾಗಿರುವ ಈ ಮಹಾನಗರದಲ್ಲಿ ಅಲ್ಲಿನ ಇಕ್ಕಟ್ಟಾದ ಗಲ್ಲಿಗಳ ಹುಡುಗರು ಈ ಆಟವನ್ನು ಉಳಿಸಿ ಬೆಳೆಸಿಕೊಂಡು ಬಂದಿದ್ದಾರೆ. ಉಪನಗರಗಳ ಹಲವು ಶಾಲೆ, ಕಾಲೇಜುಗಳ ಅಂಗಳದಲ್ಲಿಯೂ ಇಂದು ಬಾಸ್ಕೆಟ್‌ಬಾಲ್ ಕಂಬಗಳು ಕಾಣಸಿಗುತ್ತವೆ. ತುಳು-ಕನ್ನಡಿಗರ ಮಕ್ಕಳೂ ಅಲ್ಲಿ ಬೆವರು ಹರಿಸುತ್ತಾರೆ. ಮಗ ಅಥವಾ ಮಗಳು ತಂಡಕ್ಕೆ ಆಯ್ಕೆಯಾದರೆ ಹೆತ್ತವರು ಒಳ್ಳೆಯ ಶೂ ಕೊಡಿಸುತ್ತಾರೆ, ಕೋಚಿಂಗಿಗೆ ಕಳುಹಿಸುತ್ತಾರೆ, ಎತ್ತರ ಸಾಲದೆಂದು ಚಿಂತಿಸುತ್ತಾರೆ. ಆದರೆ ಆಟಗಾರನ ಮನಸ್ಸಿನ ತಯಾರಿಯ ಕುರಿತು ಯೋಚಿಸುವವರು ಕಡಿಮೆ.

ಮನಸ್ಸಿನ ಪಾತ್ರ ಎಷ್ಟು ದೊಡ್ಡದು ಎಂಬುದನ್ನು ತಿಳಿಯಲು ಫ್ರೀ ಥ್ರೋ ಒಂದೇ ಸಾಕು. ಎದುರಾಳಿಯಿಂದ ಫೌಲ್ ಆದಾಗ ಸಿಗುವ ಎಸೆತವಿದು. ಗಡಿಯಾರ ನಿಂತಿರುತ್ತದೆ. ಅಡ್ಡ ಬರುವವರು ಯಾರೂ ಇಲ್ಲ. ಗೆರೆಯಿಂದ ಹಲಗೆಗೆ 4.6 ಮೀಟರ್, ನೆಲದಿಂದ ರಿಂಗಿಗೆ 3.05 ಮೀಟರ್, ಯಾವ ದೇಶದಲ್ಲಿ ಆಡಿದರೂ ಈ ಅಳತೆ ಹೆಚ್ಚುಕಡಿಮೆ ಇದೇ. ಅಂತಾರಾಷ್ಟ್ರೀಯ ನಿಯಮದಂತೆ ರೆಫ್ರಿ ಚೆಂಡು ಕೊಟ್ಟ ಮೇಲೆ 5 ಸೆಕೆಂಡ್ ಸಮಯ. ಅಭ್ಯಾಸದಲ್ಲಿ ಹತ್ತಕ್ಕೆ ಎಂಟು ಹಾಕುವ ಹುಡುಗನೇ ಪಂದ್ಯದ ಕೊನೆಯ ನಿಮಿಷದಲ್ಲಿ ಎರಡನ್ನೂ ತಪ್ಪಿಸುತ್ತಾನೆ. ಕೈ ಅದೇ, ಚೆಂಡು ಅದೇ. ಬದಲಾದದ್ದು ಸುತ್ತಲೂ ನೋಡುವ ಕಣ್ಣುಗಳು ಮಾತ್ರ.

ಈ ಕಣ್ಣುಗಳ ಭಯ ದೊಡ್ಡ ಆಟಗಾರರನ್ನೂ ಬಿಟ್ಟಿಲ್ಲ. ಅಮೆರಿಕದ ವಿಲ್ಟ್ ಚೇಂಬರ್ಲೇನ್ 7 ಅಡಿ ಎತ್ತರದ ದೈತ್ಯ ಪ್ರತಿಭೆ. ಫ್ರೀ ಥ್ರೋ ಒಂದೇ ಅವರ ದೌರ್ಬಲ್ಯ. 1961-62ರ ಋತುವಿನಲ್ಲಿ ಅವರು ಎರಡೂ ಕೈಗಳಿಂದ ಚೆಂಡನ್ನು ಮೊಣಕಾಲ ಬಳಿಯಿಂದ ಮೇಲಕ್ಕೆ ತೂಗಿ ಎಸೆಯತೊಡಗಿದರು. ಅದರಿಂದ ಅವರ ಯಶಸ್ಸು ಶೇ. 61.3ಕ್ಕೆ ಏರಿತು. 1962ರ ಮಾರ್ಚ್ 2ರಂದು ನ್ಯೂಯಾರ್ಕ್ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿ ಇತಿಹಾಸ ನಿರ್ಮಿಸಿದರು. ಅಂದು 32 ಫ್ರೀ ಥ್ರೋಗಳಲ್ಲಿ 28 ಬುಟ್ಟಿ ಸೇರಿದ್ದವು.

ಇಷ್ಟಾದರೂ ಅವರು ಆ ವಿಧಾನವನ್ನು ಕೈಬಿಟ್ಟರು. ಹಾಗೆ ಎಸೆಯುವುದು ಹೆಣ್ಣುಮಕ್ಕಳ, ಅಜ್ಜಿಯರ ರೀತಿ ಎಂಬ ಕುಹಕ ಆಗ ಚಾಲ್ತಿಯಲ್ಲಿತ್ತು. ಹಾಗೆ ಎಸೆಯಲು ತನಗೆ ನಾಚಿಕೆಯಾಗುತ್ತಿತ್ತು, ಬಿಟ್ಟದ್ದು ತಪ್ಪೆಂದೂ ಗೊತ್ತು ಎಂದು ಅವರೇ ಮುಂದೆ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. 1967-68ರಲ್ಲಿ ಅವರ ಯಶಸ್ಸು ಶೇ. 38ಕ್ಕೆ ಕುಸಿದಿತ್ತು. ಇಡೀ ವೃತ್ತಿಜೀವನದಲ್ಲಿ 11,862 ಫ್ರೀ ಥ್ರೋಗಳಲ್ಲಿ ಬುಟ್ಟಿ ಸೇರಿದ್ದು 6,057 ಮಾತ್ರ. ಆ ಒಂದು ಋತುವಿನ ಸರಾಸರಿಯನ್ನೇ ಕೊನೆಯವರೆಗೆ ಉಳಿಸಿಕೊಂಡಿದ್ದರೆ ಸುಮಾರು 1,200 ಅಂಕಗಳು ಹೆಚ್ಚು ಬರುತ್ತಿದ್ದವು ಎಂದು ಲೆಕ್ಕ ಹೇಳುತ್ತದೆ. ನಾಚಿಕೆಗೆ ತೆತ್ತ ಬೆಲೆ ಇದು!

ಇನ್ನೊಂದು ಬದಿಯಲ್ಲಿ ರಿಕ್ ಬ್ಯಾರಿ ಇದ್ದಾರೆ. ಅವರಿಗೆ ಈ ವಿಧಾನವನ್ನು ಕಲಿಸಿದ್ದು ತಂದೆ. ಹೈಸ್ಕೂಲಿನ ದಿನಗಳಲ್ಲಿ ಬ್ಯಾರಿಯೂ ಗೆಳೆಯರು ನಗುತ್ತಾರೆಂದು ಹಿಂಜರಿದವರೇ. ಆದರೆ ತಂದೆ ಪಟ್ಟುಬಿಡಲಿಲ್ಲ. ಚೆಂಡು ಬುಟ್ಟಿ ಸೇರತೊಡಗಿದಾಗ ನಗುವವರ ಬಾಯಿ ತಾನಾಗಿ ಮುಚ್ಚಿತು. ಅಮೆರಿಕದ ರಾಷ್ಟ್ರೀಯ ಲೀಗ್ ಎನ್‌ಬಿಎಯಲ್ಲಿ ಅವರ ಒಟ್ಟು ಯಶಸ್ಸು ಸುಮಾರು ಶೇ. 90. 1978-79ರ ಋತುವಿನಲ್ಲಂತೂ 169 ಎಸೆತಗಳಲ್ಲಿ ತಪ್ಪಿದ್ದು ಕೇವಲ 9. ಹೀಗಿದ್ದರೂ ಅವರ ದಾರಿ ಹಿಡಿದವರು ಬೆರಳೆಣಿಕೆಯಷ್ಟೇ. ಸರಿಯಾದದ್ದು ಯಾವುದೆಂದು ತಿಳಿಯುವುದು ಸುಲಭ, ನಾಲ್ಕು ಜನರ ಎದುರು ಅದನ್ನು ಮಾಡುವುದು ಕಷ್ಟ.

ಹಾಗೆಂದು ಎಲ್ಲರೂ ಬ್ಯಾರಿಯಂತೆಯೇ ಎಸೆಯಬೇಕೆಂದಿಲ್ಲ. ಕೆನಡಾದ ಸ್ಟೀವ್ ನ್ಯಾಶ್ ಎಲ್ಲರಂತೆ ತಲೆಯ ಮೇಲಿನಿಂದಲೇ ಎಸೆದವರು. ಆದರೆ ರೆಫ್ರಿ ಚೆಂಡು ಕೊಡುವ ಮೊದಲು ಬರಿಗೈಯಲ್ಲೇ ಎಸೆಯುವ ಅಭಿನಯ ಮಾಡುವುದು ಅವರ ರೂಢಿ. ಶಾಲಾ ಹುಡುಗರು ಇದನ್ನು ಮಾಡಿದರೆ ಪಕ್ಕದವರು ಖಂಡಿತ ನಗುತ್ತಾರೆ. ನ್ಯಾಶ್ ಅವರ ಯಶಸ್ಸು ಶೇ. 90ಕ್ಕೂ ಹೆಚ್ಚು! ಪ್ರತಿ ಸಲವೂ ಒಂದೇ ಕ್ರಮ ಪಾಲಿಸಿದರೆ ಮನಸ್ಸಿಗೆ ಬೇರೆ ಕಡೆ ಓಡಲು ಬಿಡುವು ಸಿಗುವುದಿಲ್ಲ. ಉಸಿರು ಬಿಡುವುದು, ಚೆಂಡನ್ನು ಎರಡು ಸಲ ನೆಲಕ್ಕೆ ತಟ್ಟುವುದು, ರಿಂಗನ್ನು ನೋಡುವುದು, ಎಸೆಯುವುದು. ಇಷ್ಟಕ್ಕೆ 5 ಸೆಕೆಂಡ್ ಧಾರಾಳ.

ಎಳೆಯ ಆಟಗಾರರು ಇದನ್ನು ಮನೆಯಿಂದಲೇ ಆರಂಭಿಸಬಹುದು. ಅಂಗಡಿಯ ಲೆಕ್ಕದ ಪುಸ್ತಕದಂತೆ ಒಂದು ನೋಟ್‌ಬುಕ್ ಇಟ್ಟು, ದಿನವೂ ಎಷ್ಟು ಎಸೆದೆ, ಎಷ್ಟು ಸೇರಿತು ಎಂದು ಬರೆದಿಡಬೇಕು. ಬೇರೆಯವರ ಹೊಗಳಿಕೆ, ತೆಗಳಿಕೆ ದಿನಕ್ಕೊಂದು ಬಗೆ. ನೋಟ್‌ಬುಕ್ ಮಾತ್ರ ಸುಳ್ಳು ಹೇಳುವುದಿಲ್ಲ. ದಣಿವಾರಿಸಿಕೊಂಡು ಎಸೆಯುವ ಬದಲು ಓಡಿ ಏದುಸಿರು ಬಿಡುತ್ತಿರುವಾಗಲೇ ಎಸೆದು ಕಲಿಯಬೇಕು, ಏಕೆಂದರೆ ಪಂದ್ಯದಲ್ಲಿ ಫೌಲ್ ಸಿಗುವುದು ಆಗಲೇ. ತಪ್ಪಿದ ಎಸೆತದ ಕೊರಗನ್ನು ಮುಂದಿನ ಎಸೆತಕ್ಕೆ ಒಯ್ಯಬಾರದು.

ಹೆತ್ತವರ ಪಾಲೂ ಇಲ್ಲಿ ಚಿಕ್ಕದಲ್ಲ. ಮೈದಾನದ ಅಂಚಿನಿಂದ ಕೂಗಿ ಹೇಳುವ ಸಲಹೆ ಮಗುವಿಗೆ ಮತ್ತೆರಡು ಕಣ್ಣುಗಳ ಭಾರವಷ್ಟೇ. ಪಂದ್ಯ ಮುಗಿಸಿ ಲೋಕಲ್ ರೈಲಿನಲ್ಲಿ ಮರಳುವಾಗ "ಯಾಕೆ ತಪ್ಪಿಸಿದೆ?" ಎಂದು ಕೇಳುವ ಬದಲು "ನಾಳೆ ಎಷ್ಟು ಹೊತ್ತಿಗೆ ಅಭ್ಯಾಸ, ಮಗಾ?" ಎಂದು ಕೇಳಿದರೆ ಸಾಕು. ಗೆಳೆಯರ ನಗುವಿಗೆ ಅಂಜಿ ಆಟವನ್ನೇ ಬಿಡುವ ಮಕ್ಕಳು ಇದ್ದಾರೆ. ಹಿಂಜರಿಯುತ್ತಿದ್ದ ಬ್ಯಾರಿಯ ಬೆನ್ನಿಗೆ ಅವರ ತಂದೆ ನಿಂತಂತೆ, ಆ ಮಕ್ಕಳ ಬೆನ್ನಿಗೂ ಮನೆಯವರೊಬ್ಬರು ನಿಲ್ಲಲಿ.