ಹಸಿವಿಲ್ಲದ ಮೀನಿಗೆ ಗಾಳ

ಗಾಳ ಅಂದ್ರೆ ಎರೆಹುಳು, ಹಸಿದ ಮೀನು, ನಮಗೆ ಗೊತ್ತಿರೋದು ಇಷ್ಟೇ. ಅಮೆರಿಕದ ಆರೆಗನ್ ರಾಜ್ಯದಲ್ಲಿ, ಬೆಟ್ಟದಿಂದ ಇಳಿಯೋ ನಾರ್ತ್ ಅಂಪ್‌ಕ್ವಾ ನದಿಯಲ್ಲಿ ಲೆಕ್ಕ ಬೇರೆ.

ಅಲ್ಲಿನ ಸ್ಟೀಲ್‌ಹೆಡ್, ರೇನ್‌ಬೋ ಟ್ರೌಟ್ ಜಾತಿಯದೇ ಮೀನು. ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡೋಕೆ ಹುಟ್ಟಿದ ಹೊಳೆಗೇ ವಾಪಸ್ ಬರುತ್ತೆ. ಬೇಸಿಗೆಯಲ್ಲಿ ಬಂದ ಮೀನು ಚಳಿಗಾಲ ಬರೋವರೆಗೂ ಹೆಚ್ಚೇನೂ ತಿನ್ನದೆ, ಮೈಯಲ್ಲಿರೋ ಕೊಬ್ಬಿನ ಮೇಲೇ ಬದುಕುತ್ತೆ.

ಹಾಗಾದ್ರೆ ಗಾಳ ಯಾಕೆ ಕಚ್ಚುತ್ತೆ? ಸಿಟ್ಟೋ, ಹಳೇ ಅಭ್ಯಾಸವೋ, ಮೀನು ಹಿಡಿಯೋರಲ್ಲಿ ಇನ್ನೂ ವಾದ ಇದೆ. ಗರಿ, ಕೂದಲು ಸುತ್ತಿದ ‘ಫ್ಲೈ’ಯನ್ನು ಹೊಳೆಗೆ ಅಡ್ಡಲಾಗಿ, ಸ್ವಲ್ಪ ಕೆಳಮುಖವಾಗಿ ಎಸೀತಾರೆ. ಹರಿವು ಅದನ್ನು ಕಮಾನಿನ ಹಾಗೆ ಮೀನಿನ ಮುಂದಿಂದ ದಡಕ್ಕೆ ತರುತ್ತೆ. ಒಂದು ಹೆಜ್ಜೆ ಕೆಳಕ್ಕೆ, ಮತ್ತೆ ಎಸೆತ. ಎಷ್ಟೋ ದಿನ ಬರಿಗೈ.

1952ರಿಂದ ಇಲ್ಲಿನ 31 ಮೈಲಿ ಫ್ಲೈಗೆ ಮಾತ್ರ ಮೀಸಲು. ಕಾಡುತಳಿಯ ಮೀನು ಸಿಕ್ಕರೆ ಬಿಡಲೇಬೇಕು. ಗುರುತು, ಬಾಲದ ಹತ್ತಿರ ಬೆನ್ನ ಮೇಲಿರೋ ಪುಟ್ಟ ರೆಕ್ಕೆ. ಮರಿ ಕೇಂದ್ರದಲ್ಲಿ ಬೆಳೆಸಿದ ಮೀನಿಗೆ ಅದನ್ನ ಕತ್ತರಿಸಿರ್ತಾರೆ.

ಬಿಟ್ಟ ಮೀನು ಬದುಕುತ್ತಾ? ನೀರು ತಣ್ಣಗಿದ್ರೆ ಸಾಮಾನ್ಯವಾಗಿ ಹೌದು. ಬೆಚ್ಚಗಾದ್ರೆ ನೀರಲ್ಲಿ ಆಮ್ಲಜನಕ ಕಡಿಮೆ. ಸೆಣಸಿ ದಣಿದ ಮೀನು ಚೇತರಿಸಿಕೊಳ್ಳೋದು ಕಷ್ಟ. 2020ರ ಕಾಳ್ಗಿಚ್ಚು ದಡದ ಮರಗಳನ್ನೂ ಸುಟ್ಟಿತು, ನೆರಳು ಹೋಯ್ತು. 2021ರಲ್ಲಿ ವಾಪಸ್ ಬಂದ ಮೀನು ತೀರಾ ಕಡಿಮೆಯಾಗಿ, ಸರ್ಕಾರ ಬೇಸಿಗೆಯಲ್ಲೇ ಮೀನು ಹಿಡಿಯೋದನ್ನ ನಿಲ್ಲಿಸಿತು.

ಅದಕ್ಕೇ ಸ್ಟೀಲ್‌ಹೆಡ್ ಹಿಡಿಯೋಕೆ ಹೊರಡೋರು ರಾಡ್ ಜೊತೆ ಥರ್ಮಾಮೀಟರೂ ಇಟ್ಕೋಬೇಕು. ನೀರು ಬೆಚ್ಚಗಿದ್ರೆ ಆ ದಿನ ಸುಮ್ನೆ ವಾಪಸ್ ಬರಬೇಕು.