ಬಸ್ಸಿದ್ದರೆ ಸಾಲದು, ಕನೆಕ್ಷನ್ ಸಿಗಬೇಕು!

‘ನೆಟ್ ಸ್ಲೋ’ ಅಂದರೆ ಸಾಕು, ಗೆಳೆಯರು ಕೊಡುವ ಸಲಹೆ ಒಂದೇ: ‘ಜಾಸ್ತಿ ಸ್ಪೀಡಿನ ಪ್ಲಾನ್ ಹಾಕಿಸ್ಕೊಳೋ.’ ಆದರೆ ಸ್ಪೀಡೇ ಬೇರೆ, ತಡವೇ ಬೇರೆ. ಬಿ.ಇ. ಓದಿನಲ್ಲಿ ನನಗೆ ತುಂಬಾ ಹಿಡಿಸಿದ ಲೆಕ್ಕ ಇದು. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ನೀವೂ ಮಾಡಿ ನೋಡಬಹುದು.

ದೊಡ್ಡ ಕಾರ್ಖಾನೆಯಲ್ಲಿ ನೂರಾರು ಸೆನ್ಸರ್‌ಗಳಿರುತ್ತವೆ. ಎಲ್ಲಕ್ಕೂ ವೈರ್ ಎಳೆಯುವುದು ದುಬಾರಿ. ಹಾಗಾಗಿ ಒಂದು ಸೆನ್ಸರ್ ತನ್ನ ಸುದ್ದಿಯನ್ನು ರೇಡಿಯೊ ಮೂಲಕ ಪಕ್ಕದ್ದಕ್ಕೆ, ಅದು ತನ್ನ ಪಕ್ಕದ್ದಕ್ಕೆ ದಾಟಿಸುತ್ತಾ ಕಂಟ್ರೋಲ್ ರೂಮಿಗೆ ಮುಟ್ಟಿಸುತ್ತವೆ. ಇದೇ ಮೆಶ್ ನೆಟ್‌ವರ್ಕ್.

ಅಕ್ಕಪಕ್ಕದವು ಒಟ್ಟಿಗೆ ಮಾತಾಡಿದರೆ ಎರಡರ ಮಾತೂ ಕೆಡುತ್ತದೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಅಲೋಹಾ ಜಾಲದಲ್ಲಿ ಯಾರು ಯಾವಾಗ ಬೇಕಾದರೂ ಕಳಿಸಬಹುದಿತ್ತು, ಡಿಕ್ಕಿಯಾದರೆ ಮತ್ತೆ ಕಳಿಸಬೇಕಿತ್ತು. ಲೆಕ್ಕದ ಪ್ರಕಾರ ಈ ವಿಧಾನದಲ್ಲಿ ಚಾನೆಲ್‌ನ ಹೆಚ್ಚೆಂದರೆ ಶೇ 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ. ಕಾರ್ಖಾನೆಗೆ ಇದು ಸಾಲದು. ಅಲ್ಲಿ ಬಳಸುವ ವೈರ್‌ಲೆಸ್‌ಹಾರ್ಟ್ ಪದ್ಧತಿಯಲ್ಲಿ ಪ್ರತಿಯೊಬ್ಬರಿಗೂ ಸರದಿ ಗೊತ್ತುಮಾಡಿರುತ್ತಾರೆ. ಒಂದು ಸರದಿ 10 ಮಿಲಿಸೆಕೆಂಡ್.

ಸರದಿ ಹಂಚಿದರೆ ಮುಗಿಯಿತೇ? ಮಜಾ ಇರುವುದೇ ಇಲ್ಲಿ. ಹತ್ತು ಸರದಿಗೆ ಒಂದು ಸುತ್ತು, ಅಂದರೆ 100 ಮಿಲಿಸೆಕೆಂಡ್ ಎಂದುಕೊಳ್ಳಿ. ಸುದ್ದಿ ನಾಲ್ಕು ಜಿಗಿತ ಜಿಗಿಯಬೇಕು. ಜಿಗಿತಗಳಿಗೆ 1, 2, 3, 4 ಎಂದು ಕ್ರಮವಾಗಿ ಸರದಿ ಕೊಟ್ಟರೆ 40 ಮಿಲಿಸೆಕೆಂಡಿನಲ್ಲಿ ಸುದ್ದಿ ತಲುಪುತ್ತದೆ. ಅದೇ ಸರದಿಗಳನ್ನು 4, 3, 2, 1 ಎಂದು ಕೊಡಿ. ಸುದ್ದಿ ಬರುವಷ್ಟರಲ್ಲಿ ಮುಂದಿನ ಸರದಿ ಆಗಲೇ ದಾಟಿಹೋಗಿರುತ್ತದೆ, ಮುಂದಿನ ಸುತ್ತಿಗೆ ಕಾಯಬೇಕು. ಪ್ರತಿ ಜಿಗಿತಕ್ಕೂ ಇದೇ ಕಥೆ. ಒಟ್ಟು 280 ಮಿಲಿಸೆಕೆಂಡ್!

ರೇಡಿಯೊ ಅದೇ, ಸ್ಪೀಡ್ ಅದೇ, ತಡ ಮಾತ್ರ ಏಳು ಪಟ್ಟು. ಹಳ್ಳಿಯಿಂದ ಎರಡು ಬಸ್ ಬದಲಿಸಿ ಕಾಲೇಜಿಗೆ ಬರುವವರಿಗೆ ಇದನ್ನು ವಿವರಿಸಬೇಕಿಲ್ಲ. ನಾವು ಇಳಿಯುವ ಎರಡು ನಿಮಿಷ ಮೊದಲು ಮುಂದಿನ ಬಸ್ ಹೊರಟುಬಿಟ್ಟರೆ, ಬಸ್ ಎಷ್ಟು ಜೋರಾಗಿ ಓಡಿದರೇನು?

ಇನ್ನೊಂದು ತೊಡಕಿದೆ. ಗ್ಯಾಸ್ ಸೋರುತ್ತಿದೆ ಎಂಬ ಸುದ್ದಿ ಹೋದ ಮೇಲೆ ‘ವಾಲ್ವ್ ಮುಚ್ಚು’ ಎಂಬ ಆದೇಶ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಹೋಗುವಾಗ ಅನುಕೂಲವಾದ ಕ್ರಮ ಬರುವಾಗ ಉಲ್ಟಾ. ಅದಕ್ಕೆ 5ರಿಂದ 8ರವರೆಗಿನ ಸರದಿಗಳನ್ನು ಬರುವ ದಾರಿಗೇ ಕ್ರಮವಾಗಿ ಮೀಸಲಿಡಬೇಕು. ಆದೇಶ ತಕ್ಷಣ ಹೊರಟರೆ ಹೋಗಿಬರಲು 80 ಮಿಲಿಸೆಕೆಂಡ್ ಸಾಕು. ಆದರೆ ದಾರಿಗಳು ಒಂದನ್ನೊಂದು ಅಡ್ಡಹಾಯುತ್ತವೆ, ಒಬ್ಬರಿಗೆ ಒಳ್ಳೆಯ ಕ್ರಮ ಇನ್ನೊಬ್ಬರಿಗೆ ಕೆಟ್ಟದ್ದು. ಜಾಲ ದೊಡ್ಡದಾದಂತೆ ಎಲ್ಲರಿಗೂ ಹೊಂದುವ ವೇಳಾಪಟ್ಟಿ ಹುಡುಕಲು ಕಂಪ್ಯೂಟರೂ ತಿಣುಕುತ್ತದೆ.

ಇಂಥಲ್ಲಿ ‘ಸಾಮಾನ್ಯವಾಗಿ ಬೇಗ ತಲುಪುತ್ತದೆ’ ಎಂಬ ಉತ್ತರ ನಡೆಯದು. ‘ಎಷ್ಟೇ ತಡವಾದರೂ ಇಷ್ಟರೊಳಗೆ’ ಎಂಬ ಖಾತ್ರಿ ಬೇಕು. ವಾಲ್ವ್ ಪಕ್ಕದಲ್ಲಿ ನಿಂತು ಕೆಲಸ ಮಾಡುವವರ ಜೀವ ಸರಾಸರಿಯ ಮೇಲೆ ನಿಂತಿಲ್ಲ, ಆ ಕಡೆಯ ಗಡುವಿನ ಮೇಲೆ ನಿಂತಿದೆ. ನೆಟ್‌ವರ್ಕ್ ಕ್ಷೇತ್ರದಲ್ಲಿ ಕೆಲಸ ಹುಡುಕುವ ಗೆಳೆಯರೇ, ಎಷ್ಟು ಎಂಬಿಪಿಎಸ್ ಎಂದು ಕೇಳುವ ಜೊತೆಗೆ ಇದನ್ನೂ ಕೇಳುವುದು ಕಲಿಯೋಣ: ಹೆಚ್ಚೆಂದರೆ ಎಷ್ಟು ತಡ?